ಒಂಟಿ ಅಂಕಿಯ ತಂತಿ

ಚಳ್ಳಕೆರೆಯ ತಂತಿ ಕಚೇರಿಯಲ್ಲಿ ನಾನು ಸಿಗ್ನಲರ್ ಪದವಿಯನ್ನು ಅಲಂಕರಿಸಿದ್ದು ಇಪ್ಪತ್ತನೆಯ ಶತಮಾನಕ್ಕೆ ಇನ್ನೂ ಹಾಲುಹಲ್ಲು ಮೂಡುತ್ತಿದ್ದಾಗ. ಮೊಳಕಾಲ್ಮೂರಿನ ತಂತಿಗಳೂ ನನ್ನ ಕೈ ದಾಟಿಯೇ ಹೋಗಬೇಕಿತ್ತು.

ಅಲ್ಲಿ ರೇಷ್ಮೆ ಸೀರೆ ನೇಯಿಸುವ ನರಸಪ್ಪನವರಿಗೆ ಬೆಂಗಳೂರಿನ ಭಾವಮೈದುನ ತಿಂಗಳಿಗೊಂದು ತಂತಿ ಕೊಡುತ್ತಿದ್ದ: ಮದುವೆಯವರು ಕೇಳುತ್ತಿರುವ ಬಣ್ಣ ಇಂಥದು ಎಂದು. ತಂತಿ ಇಂಗ್ಲಿಷಿನಲ್ಲಿ. ಬೀದಿಯಲ್ಲಿ ಅದನ್ನು ಓದಬಲ್ಲವರು ಎದುರುಮನೆಯ ಓಬಳಪ್ಪ ಒಬ್ಬರೇ. ಅವರದೂ ಸೀರೆಯ ಕಸುಬೇ. ಓದಿ ಹೇಳುವ ಪರೋಪಕಾರ ಮುಗಿಸಿ ಅದೇ ಬಣ್ಣವನ್ನು ಅವರೇ ಮೊದಲು ಮಗ್ಗಕ್ಕೇರಿಸುತ್ತಿದ್ದರು.

“ಈ ಮದ್ವೆ ಕಾಲಾನೂ ಹಿಂಗೇ ಹೋದ್ರೆ ಮಗ್ಗ ಮಾರೋದೇ, ಮಾಸ್ತರೇ” ಎಂದರು ನರಸಪ್ಪ.

ನಾನು ಗಂಭೀರವಾಗಿ ಗುಪ್ತಲಿಪಿಯ ಉಪದೇಶ ಮಾಡಿದೆ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಬಣ್ಣ. ಹತ್ತು ಹುಣಸೆಬೀಜಗಳ ಮೇಲೂ ಅವೇ ಅಂಕಿ. ಕುಡಿಕೆಯಿಂದ ಕಣ್ಣುಮುಚ್ಚಿ ಒಂದು ಬೀಜ ತೆಗೆಯುವುದು, ಬರೆಯುವುದು, ಬೀಜವನ್ನು ಮತ್ತೆ ಹಾಕಿ ಕುಲುಕುವುದು. ಹೀಗೆ ತಿಂಗಳಿಗೊಂದು ಕೀಲಿ, ಕೀಲಿಗಳ ಪಟ್ಟಿಯ ಒಂದೊಂದು ಪ್ರತಿ ನರಸಪ್ಪ, ಭಾವಮೈದುನ ಇಬ್ಬರಲ್ಲೂ, ಬಳಸಿದ ಕೀಲಿ ಒಲೆಗೆ. ಗಿಳಿಹಸಿರು ನಾಲ್ಕು, ಕೀಲಿ ಏಳು. ಕೂಡಿದರೆ ಹನ್ನೊಂದು, ಹತ್ತು ಬಿಟ್ಟು ‘ಒಂದು’ ಎಂದಷ್ಟೇ ತಂತಿ. ಕೀಲಿ ಗೊತ್ತಿಲ್ಲದವನಿಗೆ ಆ ಒಂದು ಹತ್ತರಲ್ಲಿ ಯಾವ ಬಣ್ಣವೂ ಆಗಬಹುದು. ಎಷ್ಟೇ ಬುದ್ಧಿವಂತನಾದರೂ ಮುಂದಕ್ಕೆ ದಾರಿಯಿಲ್ಲ.

ಬೆಂಗಳೂರಿಗೆ ಪ್ರತಿ ಹೋದ ಮೇಲೆ ನರಸಪ್ಪ ತಮ್ಮ ಪ್ರತಿಯನ್ನು ನೋಡಿದರು. ಮೂರು ತಿಂಗಳಿಗೂ ಏಳು, ಏಳು, ಏಳು. ನೇಕಾರರ ಕಣ್ಣಿಗೆ ಅದು ಎಳೆ ತಪ್ಪಿದಂತೆ ಕಂಡಿತು. ಕೊನೆಯ ಏಳನ್ನು ಎರಡು ಮಾಡಿ ಅಂದಗೊಳಿಸಿದರು.

ಆ ಮೂರನೆಯ ತಿಂಗಳು ‘ಒಂದು’ ಎಂದು ತಂತಿ ಬಂತು. ಓಬಳಪ್ಪನವರೇ ಓದಿಕೊಟ್ಟು, ತಲೆ ಕೆರೆದುಕೊಂಡು ಹೋದರು. ನರಸಪ್ಪ ಬಿಟ್ಟ ಹತ್ತನ್ನು ಮತ್ತೆ ಸೇರಿಸಿ, ಹನ್ನೊಂದರಲ್ಲಿ ಎರಡು ಕಳೆದರು: ಒಂಬತ್ತು, ಬೂದಿ ಬಣ್ಣ. ಮದುವೆಗೆ ಬೂದಿಯೇ ಎಂದು ಹೆಂಡತಿ ಗಂಗಮ್ಮ ಕೇಳಿದ್ದಕ್ಕೆ, ಬೆಂಗಳೂರಿನವರ ಫ್ಯಾಷನ್ ನಮಗೇನು ಗೊತ್ತು ಎಂದು ಬಾಯಿ ಮುಚ್ಚಿಸಿ, ಬಣ್ಣ ಹಾಕಿಸಿದ ನೂಲನ್ನು ಬೀದಿಯಲ್ಲೇ ಒಣಗಲು ಕಟ್ಟಿಸಿದರು. ಅದನ್ನು ನೋಡಲು ಇಂಗ್ಲಿಷ್ ಬೇಕಿರಲಿಲ್ಲ.

ಎರಡು ಮನೆಯ ಬೂದಿ ಸೀರೆಗಳೂ ಗಿಳಿಹಸಿರು ಕೇಳಿದ್ದ ಬೆಂಗಳೂರಿಗೆ ಹೋಗಿ, ಮುಖ ತಿರುಗಿಸಿಕೊಂಡು ವಾಪಸಾದವು. ಓಬಳಪ್ಪ ಕಚೇರಿಗೇ ಬಂದರು.

“ಏನ್ ಮಾಸ್ತರೇ, ಅವ್ರಿಗೆ ಸುಳ್ಳು ತಂತಿ ಕೊಡಂಗಿದ್ರೆ ನಮ್ಗೂ ಒಂದ್ ಮಾತು ಹೇಳ್ಬಾರ್ದೇನ್ರಿ?”

ಇದನ್ನು ಕೇಳಿದ ನರಸಪ್ಪನವರಿಗೆ ತಮ್ಮ ನಷ್ಟ ಅರ್ಧ ಇಳಿದಂತಾಯಿತು. ಮಗ್ಗ ಮಾರಲಿಲ್ಲ. ಮುಂದೆ ಬೀಜ ತೆಗೆಯುವಾಗ ಲೇಖನಿ ಗಂಗಮ್ಮನ ಕೈಯಲ್ಲಿರುತ್ತಿತ್ತು. “ಬೀಜ ಹೇಳಿದ್ದನ್ನ ನಾನು ಬರೀತೀನಿ. ನಿಮ್ಮ ಅಂದ ಚೆಂದ ಸೆರಗಿಗಿರ್ಲಿ” ಎಂದರಂತೆ. ನೂಲೂ ಹಿತ್ತಿಲಿಗೆ ಹೋಯಿತು.

ವೃತ್ತಿ ನನಗೆ ಕಲಿಸಿದ್ದಿಷ್ಟು: ಭೇದಿಸಲಾಗದ ಗುಪ್ತಲಿಪಿಯನ್ನು ಶತ್ರು ಎಂದೂ ಕೆಡಿಸಲಾರ. ಅದಕ್ಕೆ ಮಾಲೀಕನೇ ಬೇಕು.