ಮೇಷ್ಟ್ರ ಮಕ್ಕಳು, ಮಹಾನಂದಮ್ಮನ ಮೇ ತಿಂಗಳು

ಇನ್ನು ಮೇಲೆ ಮೇಷ್ಟ್ರು, ಟೀಚರುಗಳ ಮಕ್ಕಳನ್ನು ಬಿಟ್ಟು ಬೇರೆ ಯಾರ ಮಕ್ಕಳನ್ನೂ ನೋಡಿಕೊಳ್ಳುವುದಿಲ್ಲ ಎಂದು ಮಹಾನಂದಮ್ಮ ತೀರ್ಮಾನಿಸಿದಾಗ, ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಅದನ್ನು ಬುದ್ಧಿವಂತಿಕೆ ಎಂದುಕೊಂಡವರು ಒಬ್ಬರೇ. ಅದು ಸ್ವತಃ ಮಹಾನಂದಮ್ಮ.

ಅವರ ಲೆಕ್ಕಾಚಾರ ಸರಳವಾಗಿತ್ತು. ಬ್ಯಾಂಕಿನವರ, ಆಸ್ಪತ್ರೆಯವರ ಮಕ್ಕಳನ್ನು ನೋಡಿಕೊಂಡು ನೋಡಿಕೊಂಡು ಅವರ ಸೊಂಟ ಬಿದ್ದುಹೋಗಿತ್ತು. ಆ ನೌಕರಿಯವರಿಗೆ ಯುಗಾದಿಗೊಂದು ರಜೆ, ದೀಪಾವಳಿಗೊಂದು ರಜೆ, ಮಿಕ್ಕ ದಿನವೆಲ್ಲ ಮಕ್ಕಳು ಮಹಾನಂದಮ್ಮನ ನಡುಮನೆಯಲ್ಲೇ. ಟೀಚರುಗಳಾದರೆ ಹಾಗಲ್ಲ. ದಸರಾಕ್ಕೆ ರಜೆ, ಬೇಸಿಗೆಗೆ ರಜೆ. ಅವರು ಮನೆಯಲ್ಲಿದ್ದರೆ ಮಕ್ಕಳೂ ಅವರ ಜೊತೆ ಮನೆಯಲ್ಲಿ, ಮಹಾನಂದಮ್ಮ ಕಾಲು ಚಾಚಿ ಮಲಗಬಹುದು. ಹೀಗೆಂದು ನಂಬಿದ್ದ ಹೆಂಗಸಿಗೆ ಮೊದಲ ಬೇಸಿಗೆಯಲ್ಲೇ ಜ್ಞಾನೋದಯವಾಯಿತು. ರಜೆ ಎನ್ನುವುದು ಟೀಚರುಗಳಿಗೆ ಕ್ಯಾಲೆಂಡರಿನಲ್ಲಿ ಮಾತ್ರ ಇರುತ್ತದೆ. ಮೌಲ್ಯಮಾಪನ, ಟ್ರೈನಿಂಗು, ಗಣತಿ, ಎಲೆಕ್ಷನ್ನು, ಯಾವುದೂ ಇಲ್ಲದಿದ್ದರೆ ಹೆಡ್‌ಮಾಸ್ಟರರ ಮೀಟಿಂಗು. ಹಿಂದಿನ ದಿನ ಸಂಜೆ ಆರ್ಡರ್ ಬರುತ್ತದೆ, ಮರುದಿನ ಬೆಳಗ್ಗೆ ಮಗು ಮಹಾನಂದಮ್ಮನ ಗೇಟಿನ ಮುಂದೆ.

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಕಣೇ," ಎಂದು ಗಂಡ ವಿಶ್ವಾರಾಧ್ಯ ನಕ್ಕರು. ಅವರು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿಯ ಮ್ಯಾನೇಜರು. ಮೇ ತಿಂಗಳಲ್ಲಿ ಅವರ ಮುಖ ಮನೆಯವರಿಗೆ ಕಾಣುವುದೇ ಅಪರೂಪ, ಆದ್ದರಿಂದ ನಗುವುದು ಅವರಿಗೆ ಸುಲಭ.

ಆಮೇಲೆ ಮಹಾನಂದಮ್ಮ ಸುಳ್ಳು ಹೇಳುವುದನ್ನು ಕಲಿತರು. ಏಪ್ರಿಲ್ ಕೊನೆಯಲ್ಲಿ "ತಿಪಟೂರಿಗೆ ಅಕ್ಕನ ಮನೆಗೆ ಹೋಗ್ತಿದೀನಿ" ಎಂದು ಸಾರುವುದು, ಮುಂಬಾಗಿಲಿಗೆ ಬೀಗ ಜಡಿಯುವುದು, ಹಿಂದಿನ ಸಂದಿಯಿಂದ ಹೋಗಿ ತರಕಾರಿ ತರುವುದು. ಸ್ವಂತ ಮನೆಯಲ್ಲೇ ಕಳ್ಳಿಯ ಹಾಗೆ ಫ್ಯಾನಿನ ಸದ್ದು ಹೊರಗೆ ಕೇಳೀತೆಂದು ಹೆದರುವುದು. ನಾಚಿಕೆಗೇಡು, ನಿಜ. ಆದರೆ ಉಪಾಯ ಫಲಿಸಿತ್ತು.

ಈ ವರ್ಷ ಮಾತ್ರ ಅವರ ಬುದ್ಧಿಗೆ ಮಂಕು ಕವಿಯಿತು. ತುಮಕೂರಿನಿಂದ ಮಗಳು ಹಂಸಾ ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು. ಸಂತೋಷ ತಡೆಯಲಾರದೆ ಮಹಾನಂದಮ್ಮ ಎಲ್ಲ ತಾಯಂದಿರ ಕೈಗೂ ಕುಬುಸದ ಲಾಡು ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. "ಮೇ ತಿಂಗಳು ಪೂರ್ತಿ ಬೇಬಿ ಸಿಟ್ಟಿಂಗ್ ಇರಲ್ಲ. ಮಗಳ ಬಾಣಂತನ. ಮಕ್ಕಳು ಮಲಗೋ ರೂಮೇ ಅವಳಿಗೆ ಕೊಡ್ತೀನಿ. ಜೂನ್‌ಗೆ ಬನ್ನಿ."

ಎಲ್ಲರೂ ಲಾಡು ತಿಂದರು. ಎಲ್ಲರೂ ತಲೆಯಾಡಿಸಿದರು. ಅವರಿಗೆ ಅದರಲ್ಲಿ ಅರ್ಥವಾದದ್ದು ಒಂದೇ ಮಾತು: ಈ ವರ್ಷ ಮಹಾನಂದಮ್ಮ ಊರಿಗೆ ಹೋಗುವುದಿಲ್ಲ, ಮನೆಯಲ್ಲೇ ಇರುತ್ತಾರೆ.

ಹಂಸಾ ಗಂಡು ಮಗು ಹೆತ್ತು ಆಸ್ಪತ್ರೆಯಿಂದ ಬಂದು ವಾರವಾಗುವಷ್ಟರಲ್ಲಿ ಮೊಟ್ಟಮೊದಲು ಬಂದವರು ಶಿವರಂಜಿನಿ ಮಿಸ್. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು. ಕಂಕುಳಲ್ಲಿ ನಾಲ್ಕು ವರ್ಷದ ಆರಾಧನಾ, ಕೈಯಲ್ಲಿ ಬಾಣಂತಿಗೆಂದು ಒಂದು ಡಜನ್ ಸೇಬು.

"ಆಂಟಿ, ವ್ಯಾಲ್ಯುಯೇಶನ್ ಡ್ಯೂಟಿ ಹಾಕ್ಬಿಟ್ಟಿದ್ದಾರೆ. ಹೋಗ್ದಿದ್ರೆ ನೋಟಿಸ್ ಬರುತ್ತೆ. ಮಧ್ಯಾಹ್ನದ ತನಕ ಅಷ್ಟೇ. ಹೇಗೂ ನೀವು ಮನೇಲೇ ಇರ್ತೀರಲ್ಲಾ..."

ಹೇಗೂ ಮನೆಯಲ್ಲೇ! ಹೊತ್ತಾರೆ ಎದ್ದು ಹಂಡೆಗೆ ಉರಿ ಹಾಕಿ, ಎಣ್ಣೆ ಕಾಯಿಸಿ, ಮಗುವಿಗೆ ಎರೆದು, ತಾಯಿಗೆ ಎರೆದು, ಸಾಂಬ್ರಾಣಿ ಹಾಕಿ, ಮೆಣಸಿನ ಸಾರು ಮಾಡಿ, ಬಟ್ಟೆ ಒಗೆದು ಹಾಕುವಷ್ಟರಲ್ಲಿ ಮಹಾನಂದಮ್ಮನಿಗೆ ತಾವಿನ್ನೂ ಹಲ್ಲುಜ್ಜಿಲ್ಲವೆಂಬುದು ನೆನಪಾಗುತ್ತಿತ್ತು. ಇದನ್ನೆಲ್ಲ ಹೇಳಿಬಿಡಬೇಕೆಂದು ಮಾತು ನಾಲಿಗೆಯ ತುದಿಯವರೆಗೆ ಬಂತು. ಆದರೆ ಆರಾಧನಾ "ಅಜ್ಜೀ" ಎಂದು ಕೊರಳಿಗೆ ಜೋತುಬಿದ್ದಳು. "ಆಯ್ತು ಮಿಸ್, ಇದೊಂದು ದಿನ" ಎಂದರು. ಬೆರಳು ಕೊಟ್ಟರೆ ಹಸ್ತ ನುಂಗುವವರಿಗೆ ಬೆರಳು ಕೊಟ್ಟದ್ದು ಹೀಗೆ.

ಇದೊಂದು ದಿನ ವಾರವಾಯಿತು, ಮಧ್ಯಾಹ್ನ ಸಂಜೆಯಾಯಿತು. ಟೀಚರುಗಳ ಲೋಕದಲ್ಲಿ ಸುದ್ದಿಗೆ ರೆಕ್ಕೆ ಬೇಕಿಲ್ಲ. ಶಿವರಂಜಿನಿ ಪೇಪರ್ ತಿದ್ದುತ್ತಿದ್ದ ಕಡೆಯೇ ಶ್ರೀರಾಂಪುರದ ಸತೀಶ್ ಮೇಷ್ಟ್ರೂ ತಿದ್ದುತ್ತಿದ್ದರು. "ಅಮ್ಮಾ, ಆರಾಧನಾ ಇಲ್ಲೇ ಇದ್ದಾಳಂತೆ. ಒಂದಿದ್ದ ಕಡೆ ಎರಡು," ಎಂದು ಎರಡು ವರ್ಷದ ಮಧುರಾಳನ್ನು ಗೇಟಿನ ಒಳಗೆ ಇಳಿಸಿ, ಸ್ಕೂಟರ್ ಆಫ್ ಕೂಡ ಮಾಡದೆ ಹೊರಟೇಹೋದರು.

ಬಾಣಂತಿ ಕೋಣೆಯ ಬಾಗಿಲು ಮುಚ್ಚಿದರೆ ಸೆಕೆ, ತೆರೆದರೆ ಮಕ್ಕಳು. ಆರಾಧನಾಗೆ ಗಂಟೆಗೊಮ್ಮೆ ಪಾಪು ನೋಡಬೇಕು. ಮಧುರಾಗೆ ಪಾಪುವಿನ ತೊಟ್ಟಿಲಲ್ಲೇ ಮಲಗಬೇಕು, ಯಾಕೆಂದರೆ ಆ ಕೋಣೆ ತನ್ನದೆಂದೇ ಅವಳು ತಿಳಿದಿದ್ದಳು. ಕೂಸು ಬೆಚ್ಚಿ ಎದ್ದು ಅಳುವುದು, ಹಂಸಾ ಹಲ್ಲು ಕಚ್ಚಿ ಅದನ್ನು ಮತ್ತೆ ತಟ್ಟಿ ಮಲಗಿಸುವುದು. ಮಹಾನಂದಮ್ಮನಿಗೆ ಮೇಷ್ಟ್ರ ಮೇಲೆ, ಇಲಾಖೆಯ ಮೇಲೆ, ಲಗ್ನಪತ್ರಿಕೆಯ ಮೇಲೆ, ಲಾಡಿನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ ಬೇಡವೆನ್ನಲಾರದ ತಮ್ಮ ನಾಲಿಗೆಯ ಮೇಲೆ.

"ಕಳಿಸ್ಬಿಡಮ್ಮ," ಎಂದಳು ಹಂಸಾ.

"ಹೇಗೇ ಕಳಿಸ್ಲಿ? ಒಬ್ಬರಿಗೆ ಬೇಡ ಅಂದ್ರೆ ಸ್ಟಾಫ್ ರೂಮಿಗೆಲ್ಲ ಗೊತ್ತಾಗುತ್ತೆ. ಜೂನ್‌ನಲ್ಲಿ ಒಂದು ನರಪಿಳ್ಳೇನೂ ಬರಲ್ಲ."

ಒಂದು ಬೆಳಗ್ಗೆ ಮಹಾನಂದಮ್ಮ ಮಗಳಿಗೆ ಎರೆಯುತ್ತಿದ್ದರು. ಎರಡು ಚೊಂಬು ಬಿಸಿನೀರು ಬೆನ್ನಿಗೆ ಬಿದ್ದಿತ್ತಷ್ಟೆ, ನಡುಮನೆಯಿಂದ ದೊಪ್ಪೆಂಬ ಸದ್ದು, ಹಿಂದೆಯೇ ಕಿರುಚಾಟ. ಮಹಾನಂದಮ್ಮ ಚೊಂಬು ಬಿಟ್ಟು ಓಡಿದರು. ಮಧುರಾ ಕುರ್ಚಿಯ ಸಮೇತ ಬಿದ್ದು ಹಣೆ ಊದಿಸಿಕೊಂಡಿದ್ದಳು. ಅದಕ್ಕೆ ಐಸ್ ಒತ್ತಿ, ಎತ್ತಿಕೊಂಡು ಸಮಾಧಾನ ಮಾಡಿ, ಅಷ್ಟರಲ್ಲಿ ಅಳತೊಡಗಿದ ಆರಾಧನಾಳನ್ನೂ ಸಮಾಧಾನ ಮಾಡಿ, ಸತೀಶ್‌ಗೆ ಫೋನ್ ಮಾಡಿ, ಮತ್ತೆ ಬಚ್ಚಲ ಮನೆಗೆ ಬಂದಾಗ ಹಂಸಾ ಮಣೆಯ ಮೇಲೆ ಕುಳಿತಲ್ಲೇ ಕುಳಿತಿದ್ದಳು. ಒದ್ದೆ ಕೂದಲು, ಮೈಯೆಲ್ಲ ಎಣ್ಣೆ, ಗಡಗಡ ನಡುಕ. ಹಸಿ ಬಾಣಂತಿ.

"ಕೂಗಬಾರದಿತ್ತೇನೇ!"

"ಕೂಗಿದೆ. ನಿನಗೆ ಕೇಳಿಸ್ಲಿಲ್ಲ."

ಆ ಸಂಜೆ ಹಂಸಾಳ ಮೈ ಬಿಸಿಯಾಯಿತು. ಎರಡು ದಿನದಿಂದ ಆರಾಧನಾಗಿದ್ದ ಕೆಮ್ಮು ಹತ್ತಿ ಕೂಸಿನ ಮೂಗು ಕಟ್ಟಿತು. ಹಂಸಾ ಗೋಡೆಯ ಕಡೆ ತಿರುಗಿ ತುಮಕೂರಿಗೆ ಫೋನ್ ಮಾಡಿದಳು, ಫೋನ್ ಇಟ್ಟ ಮೇಲೆ ತಾಯಿಗೆ ಹೇಳಿದಳು: "ಅತ್ತೆ ನಾಳೆ ಕಾರ್ ತಗೊಂಡು ಬರ್ತಿದ್ದಾರಮ್ಮ. ಅಲ್ಲೇ ಇರ್ತೀನಿ."

"ತೌರಲ್ಲಿ ಬಾಣಂತನ ಮುಗೀದೆ ಹೋಗ್ತಾರೇನೇ? ಜನ ಏನಂತಾರೆ?"

"ನಾನೂ ಬೆಳಗ್ಗೆ ಬಿಟ್ಟು ಸಂಜೆ ಕರ್ಕೊಂಡು ಹೋಗೋ ಮಗು ಆಗಿದ್ರೆ ನೀನು ನನ್ನನ್ನೂ ನೋಡ್ಕೋತಿದ್ದೆ," ಎಂದಳು ಹಂಸಾ. ಸಿಟ್ಟಿನಿಂದಲ್ಲ, ಸುಸ್ತಿನಿಂದ. ಸಿಟ್ಟಾಗಿದ್ದರೆ ಮಹಾನಂದಮ್ಮ ಎರಡು ಮಾತು ತಿರುಗಿ ಆಡಿ ಹಗುರಾಗುತ್ತಿದ್ದರು. ಇದು ನೇರ ಎದೆಗೆ ಇಳಿಯಿತು.

ಬೆಳಗ್ಗೆ ಶಿವರಂಜಿನಿ ಬಂದಾಗ ಗೇಟು ತೆರೆಯಲಿಲ್ಲ. ಮಹಾನಂದಮ್ಮ ಗೇಟಿನ ಒಳಗೇ ನಿಂತಿದ್ದರು.

"ಕರ್ಕೊಂಡು ಹೋಗಿ ಮಿಸ್. ಇವತ್ತು ಬೇಡ, ನಾಳೇನೂ ಬೇಡ."

"ಅಯ್ಯೋ ಆಂಟಿ, ಲಾಸ್ಟ್ ಎರಡು ದಿನ! ಈಗ ಎಲ್ಲಿಗೆ ಹೋಗ್ಲಿ ನಾನು? ನನ್ನ ಕಷ್ಟ ನಿಮಗೆ ಗೊತ್ತಿಲ್ವಾ?"

"ಗೊತ್ತು. ನಿಮಗೆ ಆರ್ಡರ್ ಹಾಕಿದವರು ನಿಮ್ಮ ಮಗೂಗೂ ಒಂದು ದಾರಿ ತೋರಿಸ್ಬೇಕಿತ್ತು. ಅವರನ್ನ ಕೇಳಿ. ನನ್ನ ಮಗಳು ಜ್ವರದಲ್ಲಿ ಮಲಗಿದ್ದಾಳೆ."

ಶಿವರಂಜಿನಿಯ ಕಣ್ಣು ತುಂಬಿತು, ಆಮೇಲೆ ಮುಖ ಬಿಗಿದುಕೊಂಡಿತು. "ಹಾಗಾದ್ರೆ ಜೂನ್‌ಗೂ ನಾವು ಬೇರೆ ಕಡೆ ನೋಡ್ಕೋತೀವಿ."

"ನೋಡ್ಕೊಳಿ."

ಆರಾಧನಾ ಏನೂ ತಿಳಿಯದೆ ಸರಳುಗಳ ನಡುವೆ ಕೈ ತೂರಿಸಿ ಸೆರಗು ಹಿಡಿದಿದ್ದಳು. ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸುವಾಗ ಮಹಾನಂದಮ್ಮನಿಗೆ ಅಳು ಬಂತು. ಆ ಮಗುವನ್ನು ಅವರು ಆರು ತಿಂಗಳ ಕೂಸಾಗಿದ್ದಾಗಿನಿಂದ ಸಾಕಿದ್ದರು. ಇಂಥ ಮಾತನ್ನು ಆಡಿಸಿದ ಎಲ್ಲರಿಗೂ ಮನಸ್ಸಿನಲ್ಲೇ ಶಾಪ ಹಾಕುತ್ತಾ, ಮೂಗು ಒರೆಸಿಕೊಂಡು ಒಳಗೆ ಬಂದರು.

ಹಂಸಾ ಕಿಟಕಿಯ ಹತ್ತಿರ ನಿಂತಿದ್ದಳು. ಮಂಚದ ಮೇಲೆ ತುಂಬಿಸಿಟ್ಟ ಬ್ಯಾಗು.

"ಜ್ವರ ಬಿಟ್ಟಿದೆಯಾ?" ಮಹಾನಂದಮ್ಮ ಮಗಳ ಹಣೆ ಮುಟ್ಟಿ ನೋಡಿದರು. "ಬಿಟ್ಟಿದೆ. ಬಾ, ನೀರು ಕಾದಿದೆ."

"ಅತ್ತೆ ನೆಲಮಂಗಲ ದಾಟಿದ್ದಾರಂತೆ ಅಮ್ಮ."

"ದಾಟ್ಲಿ. ಬರ್ಲಿ, ತಿಂಡಿ ತಿನ್ಲಿ, ಮೊಮ್ಮಗನ್ನ ಆಡಿಸ್ಲಿ. ನಿನ್ನ ಕೂದಲು ಒಣಗಿಸ್ದೆ ನಾನು ಯಾರ ಮುಂದೇನೂ ಬರಲ್ಲ."

ಹಂಸಾ ಮಣೆಯ ಮೇಲೆ ಕುಳಿತಳು. ಒಂದು ಚೊಂಬು, ಎರಡು ಚೊಂಬು. ಹೊರಗೆ ಬೆಲ್ಲು ಹೊಡೆಯಿತು. ಸ್ಕೂಟರಿನ ಗುರುಗುರು, ಜೊತೆಗೆ ಸತೀಶ್ ಮೇಷ್ಟ್ರ ದನಿ. "ಅಮ್ಮಾ, ಲೇಟಾಯ್ತು, ಸ್ವಲ್ಪ ಬೇಗ ಗೇಟ್ ತೆಗೀರಿ!"

ಹಂಸಾ ಬಾಗಿಲ ಕಡೆ ತಿರುಗಿದಳು. "ಬೆಲ್ ಅಮ್ಮ."

"ಕೇಳಿಸ್ತು. ತಲೆ ಬಗ್ಗಿಸು."

ಬೆಲ್ಲು ಮತ್ತೆ ಹೊಡೆಯಿತು, ಮತ್ತೂ ಹೊಡೆಯಿತು. ಮಹಾನಂದಮ್ಮ ಸೀಗೆಪುಡಿ ಹಚ್ಚಿ, ಬೆನ್ನು ತಿಕ್ಕಿ, ನೀರು ಹೊಯ್ಯುತ್ತಲೇ ಇದ್ದರು. ಕೊನೆಗೆ ಸ್ಕೂಟರಿನ ಸದ್ದು ದೂರವಾಯಿತು. ಹಂಸಾ ತಲೆ ಎತ್ತಲಿಲ್ಲ. ನೀರಿನ ನಡುವೆಯೇ ಹೇಳಿದಳು:

"ಆಮೇಲೆ ಆ ಬ್ಯಾಗ್ ಬಿಚ್ಚಿಡಮ್ಮ."