ಅತ್ತೆ ಹೇಳಿ ಬರೆಸಿದ ಹಂಸ

ಕೈಗಾರಿಕಾ ಕ್ರಾಂತಿಯ ಪಾಠವನ್ನು ನಾನು ಹಿಂದೂಪುರದ ಮಕ್ಕಳಿಗೆ ವರ್ಷಾನುಗಟ್ಟಲೆ ಹೇಳಿದ್ದೇನೆ. ಮೊದಲು ಉಗಿ ಬಂತು, ಆಮೇಲೆ ಕರೆಂಟು, ಆಮೇಲೆ ಹೇಳಿಕೊಟ್ಟದ್ದನ್ನು ನೆನಪಿಟ್ಟು ತಾನೇ ದುಡಿಯುವ ಯಂತ್ರ. ಅಮೆರಿಕದ ಕಾರ್ಖಾನೆಯಲ್ಲಿ ಕಾದ ಲೋಹ ಎತ್ತುವ ರೋಬೋಟಿನ ತೋಳು ಬಂದಿದೆಯೆಂದು ಪೇಪರಿನಲ್ಲಿ ಓದಿದಾಗ, ತೂತು ಹೊಡೆದ ರಟ್ಟು ಓದಿ ನೇಯುವ ಮಗ್ಗವೇ ಅದರ ಮುತ್ತಜ್ಜಿ ಎಂದೂ ಹೇಳಿದೆ. ಆ ಮಗ್ಗ ನಮ್ಮ ಮನೆಗೆ ಬಂದ ಕತೆಯನ್ನು ಮಾತ್ರ ಹೇಳಲಿಲ್ಲ.

ನಮ್ಮದು ನೇಕಾರರ ಮನೆ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ, ಅವರ ಅಕ್ಕ, ಅಂದರೆ ನನ್ನ ಸೋದರತ್ತೆ, ಪಕ್ಕದಲ್ಲಿ ಕೂತು ಅಂಚಿನ ಹಗ್ಗಗಳನ್ನು ಎಳೆಯುತ್ತಿದ್ದಳು. ಅವಳು ಎಳೆದಂತೆ ಎಳೆಗಳು ಮೇಲೇಳುತ್ತಿದ್ದವು, ಅವುಗಳ ಕೆಳಗೆ ಅಪ್ಪನ ಲಾಳಿ ನೂಲು ಹೊತ್ತು ಹಾಯುತ್ತಿತ್ತು, ಸೀರೆಯಂಚಿನಲ್ಲಿ ಹಂಸ ಮೂಡುತ್ತಿತ್ತು. ಲಾಳಿ ಹಾಯ್ದಾಗಲೆಲ್ಲ ಅಪ್ಪ "ಹೂಂ, ಅಕ್ಕಯ್ಯ" ಎನ್ನುವರು; ಅತ್ತೆ ಮುಂದಿನ ಹಗ್ಗ ಎಳೆಯುವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. "ನಾನೇನು ಪುಕ್ಕಟೆ ಉಣ್ತೀನಾ? ಈ ಮನೆ ಹಂಸಗಳಿಗೆಲ್ಲ ನಾನೇ ಸೂಲಗಿತ್ತಿ ಕಣಮ್ಮ" ಎಂದು ನಗುವಳು. ನಾನು ಮಾತು ಕಲಿತದ್ದು, ಗಾದೆ ಒಗಟು ಕಲಿತದ್ದು ಆ ಹಗ್ಗಗಳ ಪಕ್ಕದಲ್ಲೇ.

ಐವತ್ತರ ದಶಕ ಮುಗಿಯುತ್ತಿತ್ತು. ನಮ್ಮ ಬೀದಿಗೆ ಇನ್ನೂ ಕರೆಂಟೇ ಬಂದಿರಲಿಲ್ಲ, ಅಷ್ಟರಲ್ಲೇ ಅಪ್ಪ ಜಕಾರ್ಡು ತಂದರು. ಮಗ್ಗದ ನೆತ್ತಿಯ ಮೇಲೆ ಕೂರುವ ಯಂತ್ರ. ರಟ್ಟುಗಳಿಗೆ ತೂತು ಹೊಡೆದು ಸಾಲಾಗಿ ಪೋಣಿಸಿಟ್ಟು ಕಾಲಲ್ಲಿ ತುಳಿದರೆ ಸಾಕು, ಯಂತ್ರ ತಾನೇ ಎಳೆ ಎತ್ತುತ್ತದೆ. ಆದರೆ ಹಂಸ ಇದ್ದದ್ದು ಅತ್ತೆಯ ಕೈಯಲ್ಲಿ. ಅವಳು ಹೇಳಬೇಕು, ಯಾರಾದರೂ ಬರೆದುಕೊಳ್ಳಬೇಕು. ಮನೆಯಲ್ಲಿ ಹೈಸ್ಕೂಲು ಮುಗಿಸಿದವಳು ನಾನೊಬ್ಬಳೇ.

ಎರಡು ದಿನ ಹೇಳಿದಳು. ಕಣ್ಣು ಮುಚ್ಚಿ, ಗಾಳಿಯಲ್ಲಿ ಕೈಯಾಡಿಸುತ್ತ, "ಮೂರು ಎತ್ತು, ಒಂದು ಬಿಡು, ಐದು ಎತ್ತು." ನಾನು ಹುರುಪಿನಿಂದ ಬರೆದೆ. ಕೊನೆಗೆ ಕಣ್ಣು ಬಿಟ್ಟು, "ಎಲ್ಲಾ ಬರ್ಕೊಂಡ್ಯಾ? ಇನ್ನು ನನ್ನತ್ರ ಏನೂ ಇಲ್ಲ ಕಣಮ್ಮ" ಅಂದಳು. ತಮಾಷೆ ಅಂದುಕೊಂಡು ನಕ್ಕುಬಿಟ್ಟೆ.

ಯಂತ್ರ ಕೂತ ಮೇಲೆ ಮಗ್ಗದ ಪಕ್ಕ ಅತ್ತೆಗೆ ಜಾಗವಿರಲಿಲ್ಲ. ಯಾರೂ ಹೋಗು ಎನ್ನಲಿಲ್ಲ. ಎಂಟು ದಿನ ಅಡುಗೆಮನೆಯಲ್ಲಿ ಅಮ್ಮನಿಗೆ ಅಡ್ಡಡ್ಡ ಓಡಾಡಿ, ಕಲ್ಯಾಣದುರ್ಗದ ಮೈದುನನ ಮನೆಗೆ ಹೊರಟಳು. "ಅಲ್ಲಿ ಬಾಣಂತಿ ಅವ್ಳೆ. ಕೈಗೆ ಕೆಲ್ಸ ಸಿಗ್ತೈತೆ" ಅಂದಳು.

ಹೊಸ ಸೀರೆಯ ಹಂಸಕ್ಕೆ ಕಣ್ಣಿರಲಿಲ್ಲ. ಪುಟ ತಿರುಗಿಸುವಾಗ ನಾನೊಂದು ಸಾಲು ಬಿಟ್ಟಿದ್ದೆ. ಅಪ್ಪ ಬೈಯಲಿಲ್ಲ. ಅವರ ಮುಖ ಅರಳಿದಂತೆ ಕಂಡಿತು. "ಅಕ್ಕಯ್ಯನ್ನೇ ಕೇಳ್ಬೇಕು. ನಡಿ, ಬಸ್ಸಿಗೆ ಹೋಗಾನ" ಎಂದರು.

ಕಲ್ಯಾಣದುರ್ಗದಲ್ಲಿ ಅತ್ತೆ ಹಿತ್ತಲಲ್ಲಿ ಕೂತು ಬೂದಿ ಹಚ್ಚಿ ಪಾತ್ರೆ ಉಜ್ಜುತ್ತಿದ್ದಳು. ಅಪ್ಪ ಸೀರೆ ಬಿಡಿಸಿ ತೋರಿಸಿದರು.

"ಕಣ್ಣು ತಪ್ಪೋಗೈತೆ ಅಕ್ಕಯ್ಯ. ನೀನು ಬಂದು ನೋಡ್ಬೇಕು."

ಅತ್ತೆ ನಕ್ಕಳು. "ಕುರುಡು ಹಂಸ ನೇಯ್ದಿದ್ದೀಯಲ್ಲೋ. ನಿನ್ನ ಹೆಂಡ್ರ ಹಳೇ ಸೀರೆ ಅಂಚಿನ ಎಳೆ ಎಣಿಸಿದ್ರೆ ಗೊತ್ತಾಗ್ತಿತ್ತು. ಅದಕ್ಕೆ ಈಟು ದೂರ ಬಂದ್ಯಾ?"

ಅದು ಅಪ್ಪನಿಗೂ ಗೊತ್ತಿತ್ತು. ಸೀರೆ ಮಡಿಸತೊಡಗಿದರು.

ಅತ್ತೆ ಕೈ ತೊಳೆದುಕೊಂಡು ಕೇಳಿದಳು: "ನನ್ನ ಹಗ್ಗ ಐತೇನೋ?"

"ಬಿಚ್ಬುಟ್ಟೆ, ಅಕ್ಕಯ್ಯ."

"ಬಿಚ್ಬುಟ್ಯಾ." ನನ್ನ ಕಡೆ ತಿರುಗಿದಳು. "ಬರ್ಕೊಳಮ್ಮ. ಎರಡು ಎತ್ತು, ಒಂದು ಬಿಡು, ಎರಡು ಎತ್ತು. ಅಷ್ಟೇ ಕಣ್ಣು."

ಬರೆದುಕೊಂಡೆ. ಕೇಳಲು ಬಂದದ್ದು ಸಿಕ್ಕಿಬಿಟ್ಟಿತು. ಕರೆದುಕೊಂಡು ಹೋಗಲು ಇನ್ನು ನೆಪವಿರಲಿಲ್ಲ. ನೆಪವಿಲ್ಲದೆ, ಸುಮ್ಮನೆ ಮನೆಗೆ ಬಾ ಎನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. ನನಗಾದರೂ ಬರಬೇಕಿತ್ತು, ಅವಳಿಂದಲೇ ಮಾತು ಕಲಿತವಳು. ಅತ್ತೆ ಮುದ್ದೆ, ಹುಳಿಸಾರು ಬಡಿಸಿದಳು. ಉಂಡು ಬಸ್ಸು ಹತ್ತಿದೆವು.

ಹೊಸ ರಟ್ಟು ಸೇರಿಸಿದ ಮೇಲೆ ಹಂಸಕ್ಕೆ ಕಣ್ಣು ಬಂತು. ಯಂತ್ರಕ್ಕೆ ಬೇಕಿಲ್ಲದಿದ್ದರೂ ಲಾಳಿ ಹಾಯ್ದಾಗಲೆಲ್ಲ ಅಪ್ಪ "ಹೂಂ, ಅಕ್ಕಯ್ಯ" ಎನ್ನುತ್ತಲೇ ಇದ್ದರು. ಮೂರು ವರ್ಷದ ಮೇಲೆ, ಅತ್ತೆ ತೀರಿಕೊಂಡಳೆಂದು ಕಲ್ಯಾಣದುರ್ಗದಿಂದ ಕಾರ್ಡು ಬಂತು. ಅದು ನಮ್ಮ ಕೈಸೇರುವಷ್ಟರಲ್ಲಿ ಅತ್ತೆಯ ಮಣ್ಣೂ ಆಗಿತ್ತು.

ಸೂತಕ ಕಳೆದು ಅಪ್ಪ ಮಗ್ಗಕ್ಕೆ ಇಳಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿವಿಗೊಟ್ಟೆ. ತುಳಿದ ಸದ್ದು, ಲಾಳಿಯ ಸದ್ದು. ಮತ್ತೆ ತುಳಿದ ಸದ್ದು, ಲಾಳಿಯ ಸದ್ದು. ನಡುವೆ ಆ ಮಾತಿಲ್ಲ.