ತಗಡಿನ ಒಳಮೈಯ ಚುಕ್ಕೆ

ಗುರುವಾಯನಕೆರೆಯಲ್ಲಿ ನಾನು ಕಂಪ್ಯೂಟರ್ ರಿಪೇರಿಯ ಅಂಗಡಿ ಹಾಕಿದ ಹೊಸತರಲ್ಲಿ ಜನ ಯಂತ್ರಕ್ಕಿಂತ ಹೆಚ್ಚು ನನ್ನನ್ನೇ ನೋಡುತ್ತಿದ್ದರು. ರಿಪೇರಿಯವರು ಒಳ್ಳೆಯ ಸಾಮಾನು ತೆಗೆದು ಹಳತು ಕೂರಿಸುತ್ತಾರೆ ಎಂಬ ಮಾತು ಊರಿಡೀ ಇತ್ತು. ಹಾಗಾಗಿ ಕೆಲಸ ಮುಗಿಯುವವರೆಗೆ ಎದುರಿನ ಸ್ಟೂಲಿನಲ್ಲಿ ಕಾವಲು ಕೂರುವುದು. ಮನೆಯಲ್ಲೇ ಬಿಡಿಭಾಗಗಳಿಗೆ ಗುರುತಿಗೆಂದು ನೈಲ್ ಪಾಲಿಶಿನ ಚುಕ್ಕೆ ಇಟ್ಟು ಬರುವವರೂ ಇದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅಂಗಡಿ ಹೊಸತು, ಹೆಸರು ಕೆಟ್ಟರೆ ಶಟರ್ ಎಳೆದು ಮನೆಗೆ ಹೋಗುವುದೇ.

ವೇಣೂರು ಕಡೆಯ ಸಾಹೇಬರೊಬ್ಬರು ಬಂದದ್ದು ಏಪ್ರಿಲಿನ ಸೆಕೆಯಲ್ಲಿ. ಗಲ್ಫಿನ ಕೆಲಸ ಬಿಟ್ಟು ಬರುವಾಗ ಮಗಳಿಗೆಂದು ತಂದ ಅವರ ಕಂಪ್ಯೂಟರ್ ಬಿಸಿಯಾಗಿ ತಾನಾಗಿಯೇ ಆಫ್ ಆಗುತ್ತಿತ್ತು. ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡಿಗೆ ತೂತು ಕೊರೆದು ಇನ್ನೊಂದು ಫ್ಯಾನ್ ಕೂರಿಸುವ ಎಂದೆ. ಕೊರೆಯುವುದು ಕಿಟಕಿ ಸರಳು ಮಾಡುವ ಆಚೆಯ ಗ್ರಿಲ್ ಶಾಪಿನಲ್ಲಿ ಎಂದಾಗ ಅವರ ಮುಖ ಬಿಗಿಯಿತು. ತಗಡು ಬಿಚ್ಚದೆ ಇಲ್ಲೇ ಕೊರೆಯಿರಿ ಎಂದರು. ಕಬ್ಬಿಣದ ಹುಡಿ ಒಳಗೆ ಬಿದ್ದರೆ ಶಾರ್ಟ್ ಆಗಿ ಎಲ್ಲ ಹೋದೀತು ಎಂದೆ. ಅದೂ ನನ್ನ ಉಪಾಯವೇ ಎಂಬಂತೆ ನೋಡಿದರು. ತಗಡಿನ ಹಿಂದೆ ಹೋದರೆ ಪೆಟ್ಟಿಗೆ ಅಂಗಡಿಯಲ್ಲಿ ಅನಾಥ; ಪೆಟ್ಟಿಗೆ ಕಾದರೆ ತಗಡು ಇನ್ನೊಬ್ಬರ ಕೈಯಲ್ಲಿ. ಬಹಳ ಹೊತ್ತು ಯೋಚಿಸಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತರು.

ನಾನು ತಗಡಿನ ಹೊರಮೈಯ ನಡುವಿನಲ್ಲಿ ಫ್ಯಾನಿನ ಅಳತೆಗೆ ವೃತ್ತ ಎಳೆದು ಕೊಂಡುಹೋದೆ. ಗ್ರಿಲ್ ಶಾಪಿನವರು ಡ್ರಿಲ್ಲಿಗೆ ಬಳೆಯಾಕಾರದ ಗರಗಸ ಸಿಕ್ಕಿಸಿ ಕೊರೆದು, ಅಂಚು ಉಜ್ಜಿ ಕೊಟ್ಟರು. ಅಂಗಡಿಗೆ ತಂದಾಗ ಸಾಹೇಬರು ಅದನ್ನು ಮಗುಚಿ ಒಳಮೈ ನೋಡಿದರು, ಬೆಳಕಿಗೆ ಹಿಡಿದರು, ಕೈಯಲ್ಲಿ ತೂಗಿದರು.

"ಇದು ನಮ್ಮದಲ್ಲ. ನಮ್ಮದರ ಒಳಗೆ ಗುರುತು ಇತ್ತು. ತೂಕವೂ ಕಮ್ಮಿ ಉಂಟು."

ತೂತು ಕೊರೆದರೆ ತೂಕ ಹೆಚ್ಚಾಗುತ್ತದೆಯೇ? ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಬಸ್ಸಿಗೆ ಕಾಯುವವರೆಲ್ಲ ಬಾಗಿಲಲ್ಲಿ ಸೇರಿದ್ದರು. ಮೂಡಬಿದಿರೆ ಬಸ್ಸು ಬಂದರೆ ಈ ಮಾತೂ ಅದರಲ್ಲೇ ಹೊರಡುತ್ತಿತ್ತು. ಗುರುತು ಎಲ್ಲಿ ಹಾಕಿದ್ದಿರಿ ಎಂದು ಕೇಳಿದೆ. ಸರೀ ನಡುವಿನಲ್ಲಿ, ಕಳ್ಳರಿಗೆ ಕಾಣದ ಹಾಗೆ ಒಳಗೆ ಎಂದರು. ಕಳ್ಳ ಅಂದರೆ ನಾನು.

ಆಗ ಹೊಳೆಯಿತು. ಗ್ರಿಲ್ ಶಾಪಿಗೆ ಓಡಿದೆ. ಸಾಹೇಬರು ಪೆಟ್ಟಿಗೆ ಎತ್ತಿಕೊಂಡೇ ಹಿಂದೆ ಬಂದರು. ಕೊರೆದು ಬಿದ್ದ ಬಿಲ್ಲೆ ಗುಜರಿ ರಾಶಿಯಲ್ಲಿ ಇರಲಿಲ್ಲ. ಡ್ರಿಲ್ಲಿನ ಅಡಿ, ಮೇಜಿನ ಸಂದು ಎಲ್ಲ ತಡಕಿದೆ. ಕೊನೆಗೆ ನೋಡಿದರೆ ಗ್ರಿಲ್ ಶಾಪಿನವರು ನೊಣ ಬೀಳಬಾರದೆಂದು ಅದನ್ನು ತಮ್ಮ ಚಾದ ಗ್ಲಾಸಿಗೆ ಮುಚ್ಚಿದ್ದರು! ಮಗುಚಿದೆ. ಗುಲಾಬಿ ಚುಕ್ಕೆ ಹಾಗೆಯೇ ಇತ್ತು. ತೂತಿಗೆ ಹಿಡಿದಾಗ ತಗಡಿನ ಹಳೆಯ ಗೀರೊಂದು ಬಿಲ್ಲೆಯ ಮೇಲೂ ಮುಂದುವರಿದಿತ್ತು.

ಒಂದು ಒಳ್ಳೆಯ ಮಾತಿಗಾಗಿ ಕಾದೆ. ಸಾಹೇಬರು ಬಿಲ್ಲೆಯನ್ನು ಒರೆಸಿ ಕಿಸೆಗೆ ಹಾಕಿಕೊಂಡು, ಫ್ಯಾನ್ ಕೂರಿಸುವವರೆಗೆ ಕಣ್ಣು ತೆಗೆಯದೆ ಕೂತಿದ್ದು, ಹೋದರು. ಇನ್ನು ನನ್ನ ಮಾನ ಹರಾಜು ಎಂದುಕೊಂಡೆ.

ಕೆಲವು ದಿನಗಳಲ್ಲಿ ಅಳದಂಗಡಿಯ ಹೆಂಗಸೊಬ್ಬರು ರಿಕ್ಷಾದಲ್ಲಿ ಕಂಪ್ಯೂಟರ್ ತಂದರು. ಅದಕ್ಕೂ ಫ್ಯಾನ್ ಬೇಕಿತ್ತು. ಕಳಿಸಿದ್ದು ಸಾಹೇಬರೇ ಅಂತೆ. ಎದೆ ಉಬ್ಬಿತು. ಅವರು ಏನು ಹೇಳಿದರು ಎಂದು ಕೇಳದೆ ಇರಲಾಗಲಿಲ್ಲ.

"ಕೆಲಸ ಚಂದ ಮಾಡ್ತಾರೆ, ಧೈರ್ಯದಲ್ಲಿ ಹೋಗಿ ಅಂದ್ರು." ಹೆಂಗಸು ಬ್ಯಾಗಿನಿಂದ ನೈಲ್ ಪಾಲಿಶಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. "ಗುರುತು ಎಲ್ಲಿ ಹಾಕ್ಬೇಕು ಅಂತ ಮಾತ್ರ ಮೊದಲೇ ನಿಮ್ಮನ್ನು ಕೇಳ್ಬೇಕಂತೆ."